ಅಮಾಸಿ ದಿನದ ಚೀಟಿ

ಪಾಪಕ್ಕನ ಮನೆಯಲ್ಲಿ ಅಮಾಸಿ ಅಂದರೆ ಅಮಾಸಿ. ಅದರಲ್ಲಿ ಎರಡು ಮಾತಿಲ್ಲ. ರಾಯದುರ್ಗದಲ್ಲಿ ಬಳ್ಳಾರಿ ರಸ್ತೆಗೆ ಹೊರಳುವಲ್ಲಿ ಮುಂದೆ ಗ್ಯಾರೇಜು, ಹಿಂದೆ ಮನೆ. ಗಂಡ ಸುಂಕಪ್ಪ ಮೂವತ್ತು ವರ್ಷದಿಂದ ಅಲ್ಲೇ ಗಾಡಿ ರಿಪೇರಿ ಮಾಡಿಕೊಂಡು ಬಂದವನು. ಮಗ ಮಾರೇಶ್ ಐಟಿಐ ಮುಗಿಸಿ ಅಪ್ಪನ ಜೊತೆ ಸೇರಿಕೊಂಡವನು. ತಿಂಗಳೆಲ್ಲಾ ಗ್ಯಾರೇಜು ಗಂಡಸರದು, ಅಮಾಸಿ ಒಂದು ದಿನ ಮಾತ್ರ ಪಾಪಕ್ಕನದು. ಅವತ್ತು ಪಾನಾ, ಜಾಕಿ, ಸುತ್ತಿಗೆ ಎಲ್ಲಾ ಒರೆಸಿ, ವಿಭೂತಿ ಕುಂಕುಮ ಹಚ್ಚಿ ಮಣೆ ಮೇಲೆ ಇಡಿಸುತ್ತಿದ್ದಳು. ಪೂಜೆಗೆ ಕೂತ ಸಾಮಾನನ್ನು ಮಾರನೇ ದಿನ ಹೊತ್ತು ಏರುವ ತನಕ ಯಾರೂ ಮುಟ್ಟುವಂಗಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ಅಮಾಸಿ ದಿನ, ಹೆಂಡತಿ ಬ್ಯಾಡ ಬ್ಯಾಡ ಅಂದರೂ ಲಾರಿ ಕೆಳಗೆ ತೂರಿ, ಸುಂಕಪ್ಪ ಎಡಗೈಯ ಎರಡು ಬೆರಳು ಕಳಕೊಂಡಿದ್ದ. ಅಲ್ಲಿಂದ ಮುಂದೆ ಅವಳಿಗೆ ಎದುರಾಡುವ ಬಾಯಿ ಆ ಮನೆಯಲ್ಲಿ ಯಾರಿಗೂ ಉಳಿಯಲಿಲ್ಲ.

ಊರ ಸುತ್ತ ಜೀನ್ಸ್ ಹೊಲಿಯುವ ಯೂನಿಟ್ಟುಗಳು. ಹಿರೇಹಾಳ್ ಕಡೆಯ ಒಂದು ಯೂನಿಟ್ಟಿನವರು, ಹೆಣ್ಣುಮಕ್ಕಳನ್ನು ಕರೆತರುವ ಆಟೋಗಳಿಗೆ ಒಂದು ಕಟ್ಟಳೆ ಹಾಕಿದ್ದರು. ಮೂರು ತಿಂಗಳಿಗೊಮ್ಮೆ ಗ್ಯಾರೇಜಿನಲ್ಲಿ ಬ್ರೇಕು, ಸ್ಟೇರಿಂಗು, ಟೈರು ತೋರಿಸಿ, ಎಲ್ಲಾ ಸರಿ ಇದೆ ಅಂತ ಓದಿದ ಮೆಕ್ಯಾನಿಕ್ಕಿನ ಸಹಿ ಇರುವ ಚೀಟಿ ತರಬೇಕು. ಆ ಚೀಟಿ ಕೊಡುವ ಕೆಲಸ ಸುಂಕಪ್ಪನ ಗ್ಯಾರೇಜಿಗೆ ಬಂತು. ಅಪ್ಪನ ಕೈಯಲ್ಲಿ ಕಸುಬಿತ್ತು, ಓದಿರಲಿಲ್ಲ. ಮಗನ ಹತ್ತಿರ ಸರ್ಟಿಫಿಕೇಟಿತ್ತು, ಹತ್ತು ಕಡೆ ಓಡಾಟವೂ ಇತ್ತು. ಹಂಗಾಗಿ ಮಾರೇಶ್ ಹತ್ತು ಹದಿನೈದು ಚೀಟಿಗೆ ಒಟ್ಟಿಗೇ ಸಹಿ ಹಾಕಿಟ್ಟಿರುತ್ತಿದ್ದ. ಸುಂಕಪ್ಪ ಚಕ್ರ ಬಿಚ್ಚಿ ನೋಡಿ, ತಾರೀಖಿನ ಮುದ್ರೆ ಒತ್ತಿ ಕೊಡುತ್ತಿದ್ದ. ನೋಡದೆ ಕೊಡುವ ಮನುಷ್ಯನಲ್ಲ ಅವನು. ಕೊಟ್ಟಿದ್ದು ಒಂದೇ ಒಂದು ಸಲ.

ಅವತ್ತು ಬೇಸಿಗೆಯ ಕೊನೇ ಅಮಾಸಿ. ಹೆಂಗೂ ಗ್ಯಾರೇಜು ಬಂದ್ ಅಂತ ಮಾರೇಶ್ ಹಿಂದಿನ ದಿನವೇ ಹೆಂಡತಿಯ ತವರಿಗೆ, ಮಡಕಶಿರದ ಕಡೆಯ ಹಳ್ಳಿಗೆ ಹೋಗಿದ್ದ. ಬಾಣಂತನಕ್ಕೆ ಹೋಗಿದ್ದ ಅರ್ಚನಾಳನ್ನೂ ಐದು ತಿಂಗಳ ಕೂಸನ್ನೂ ಕರಕೊಂಡು ಬರಬೇಕಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಟೋದ ಸಣ್ಣತಿಮ್ಮಪ್ಪ ಬಂದ.

"ಸುಂಕಣ್ಣ, ಚೀಟಿ ಇವತ್ತಿಗೆ ಮುಗೀತು ನೋಡು. ನಾಳೆ ಗೇಟಿನಾಗ ಬಿಡಂಗಿಲ್ಲ ಅಂತಾರ. ಬ್ರೇಕು ಸ್ವಲ್ಪ ಮೆತ್ತಗಾದಂಗ ಐತಿ."

ಸುಂಕಪ್ಪ ಮಣೆ ಮೇಲಿನ ಜಾಕಿಗೆ ಕೈ ಹಾಕಿದ. ಅಡಿಗೆಮನೆ ಬಾಗಿಲಿಂದ ಪಾಪಕ್ಕ ನೋಡೇಬಿಟ್ಟಳು.

"ಏನ್ರಿ! ಪೂಜಿಗೆ ಕುಂತಿರೋ ಸಾಮಾನು ಎತ್ತೀರೇನು? ಇನ್ನೂ ಎಂಟು ಬೆರಳು ಅದಾವ ಅಂತ ಧೈರ್ಯನಾ?"

"ಬ್ರೇಕು ಮೆತ್ತಗೈತಿ ಅಂತಾನ, ಪಾಪಕ್ಕ."

"ಅದು ನಾಳೆಗೂ ಮೆತ್ತಗ ಇರತೈತಿ, ಎಲ್ಲಿಗೂ ಓಡಿ ಹೋಗಲ್ಲ. ಚೀಟಿ ಕೊಟ್ಟು ಕಳಿಸ್ರಿ. ಸಣ್ಣತಿಮ್ಮಪ್ಪ, ಬೆಳಿಗ್ಗೆ ಬಂದು ಚಕ್ರ ಬಿಚ್ಚಿಸ್ಕೋ, ಕೇಳಿಸ್ತಾ?"

"ಆತು ಬಿಡಕ್ಕ, ಬರ್ತೀನಿ."

ಅವಳೇ ಒಂದು ನಿಂಬೆಹಣ್ಣು ಮೆಣಸಿನಕಾಯಿ ತಂದು ಗಾಡಿಯ ಮುಂದೆ ಕಟ್ಟಿದಳು. ಸಣ್ಣತಿಮ್ಮಪ್ಪ ಬೆಳಿಗ್ಗೆ ಬರಲಿಲ್ಲ. ಟ್ರಿಪ್ಪು ಇತ್ತಂತೆ. ಸುಂಕಪ್ಪ ಎರಡು ಸಲ ಫೋನು ಮಾಡಿದ, ಮೂರನೇ ಸಲಕ್ಕೆ ಅವನಿಗೂ ಕೆಲಸದಲ್ಲಿ ಮರೆತುಹೋಯಿತು. ಪಾಪಕ್ಕನಿಗಂತೂ ಅದು ನೆನಪಲ್ಲೇ ಉಳಿಯಲಿಲ್ಲ.

ಮೂರನೇ ದಿನ ಮಗ, ಸೊಸೆ, ಮೊಮ್ಮಗ ಬಂದರು. ಕೂಸು ನೋಡಿಕೊಳ್ಳಲಿಕ್ಕೆ ಅಂತ ಸೊಸೆಯ ತಂಗಿ ವನಿತಾ ಕೂಡ ಬಂದಳು. ಇಪ್ಪತ್ತು ವರ್ಷದ ಹುಡುಗಿ, ಬಾಯಿಗೆ ಬೀಗವೇ ಇಲ್ಲ. ಬಂದ ದಿನವೇ ಊಟಕ್ಕೆ ಕೂತು, "ಅತ್ತೆ, ಇದು ರೊಟ್ಟಿನೋ ಹಪ್ಪಳನೋ? ಕಡಿದ್ರೆ ಪಟಪಟ ಅಂತೈತೆ," ಅಂದಳು.

"ನಿಮ್ಮೂರ ಮುದ್ದಿ ಏನ್ ಕಡಿಮಿ? ಗಂಟಲಾಗ ಇಳಿದ್ರ ಕೊಡ ಬಾವ್ಯಾಗ ಬಿದ್ದಂಗ ಆಗತೈತಿ," ಅಂದಳು ಪಾಪಕ್ಕ. ಹೆಣ್ಣುಮಕ್ಕಳಿಲ್ಲದ ಮನೆಯಲ್ಲಿ ಇಷ್ಟು ದಿನ ಯಾರೂ ಅವಳ ರೊಟ್ಟಿಗೆ ಹೆಸರಿಟ್ಟಿರಲಿಲ್ಲ. ಅವಳಿಗೆ ಖುಷಿಯೇ ಆಯಿತು.

ಹದಿನೈದು ದಿನಕ್ಕೇ ವನಿತಾಗೆ ಮನೆ ಬೇಸರ ಬಂತು. ಯೂನಿಟ್ಟಿಗೆ ಹೋಗುತ್ತೇನೆ, ಹೊಲಿಗೆ ಬರುತ್ತದೆ, ನಾಲ್ಕು ಕಾಸು ಸಿಗುತ್ತದೆ ಅಂದಳು. ಆಟೋದಲ್ಲಿ ಅಷ್ಟು ದೂರವಾ ಅಂತ ಮಾರೇಶ್ ರಾಗ ಎಳೆದ.

ಅರ್ಚನಾ ನಕ್ಕಳು. "ನಮ್ಮ ಗ್ಯಾರೇಜಿನ ಚೀಟಿ ಇರೋ ಆಟೋ ಅಲ್ವಾ? ಹತ್ತು ಹೋಗೇ, ಏನೂ ಆಗಲ್ಲ."

"ಹೂಂ ಮತ್ತ, ನಿಮ್ಮ ಭಾವನ ಸಹಿ ಐತಿ ಅದರ ಮ್ಯಾಲೆ," ಅಂದಳು ಪಾಪಕ್ಕ, ಜಂಬದಿಂದಲೇ ಅಂದಳು.

ವನಿತಾ ದುಡಿದಿದ್ದು ಎಂಟು ದಿನ. ಒಂಬತ್ತನೇ ದಿನ ಬೆಳಿಗ್ಗೆ ಇಳಿಜಾರಿನಲ್ಲಿ ಸಣ್ಣತಿಮ್ಮಪ್ಪ ಬ್ರೇಕು ಒತ್ತಿದರೆ ಬ್ರೇಕು ಸಿಗಲಿಲ್ಲ. ಆಟೋ ಮೋರಿಗೆ ಬಡಿದು ಪಲ್ಟಿಯಾಯಿತು. ಅವನ ಕಾಲು ಮುರಿಯಿತು, ನಾಲ್ಕು ಹುಡುಗಿಯರಿಗೆ ಪೆಟ್ಟಾಯಿತು. ವನಿತಾ ಬಳ್ಳಾರಿ ಆಸ್ಪತ್ರೆ ಮುಟ್ಟಲಿಲ್ಲ.

ಹೆಣವನ್ನು ಅವರೂರಿಗೆ ಒಯ್ದರು. ಆ ಹೊತ್ತಿನ ಅಳು ಹೇಳಿ ತೀರುವಂಥದ್ದಲ್ಲ, ಬಿಡಿ. ಮಣ್ಣು ಮುಗಿಸಿ ಬಂದ ಮೇಲೆ ಬೀಗ ಗಂಗಣ್ಣ, ಕಡಲೆಕಾಯಿ ಹಿಪ್ಪುನೇರಳೆ ಬೆಳೆಯುವ ರೈತ, ತನ್ನ ದುಃಖ ನುಂಗಿಕೊಂಡು ಅಳಿಯನ ಹೆಗಲು ತಟ್ಟಿದ್ದ. "ನೀವು ಯಾಕೆ ಹಿಂಗೆ ಕುಸೀತೀರಾ? ನಿಮ್ಮ ತಪ್ಪೇನೈತೆ ಇದ್ರಾಗೆ?" ಅಂದಿದ್ದ. ಅದನ್ನು ಕೇಳುತ್ತಲೇ ಪಾಪಕ್ಕನಿಗೆ ಆ ಅಮಾಸಿ ಸಂಜೆ ನೆನಪಾಯಿತು. ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

ಗಂಗಣ್ಣ ಪರಿಹಾರಕ್ಕೆ ಆಟೋದವನ ಮೇಲೂ ಇನ್ಶೂರೆನ್ಸಿನವರ ಮೇಲೂ ಕೇಸು ಹಾಕಿದ. ಇನ್ಶೂರೆನ್ಸಿನವರು, ಬ್ರೇಕ್ ಪೈಪು ತಿಂಗಳುಗಟ್ಟಲೆ ತುಕ್ಕು ಹಿಡಿದು ತೂತಾಗಿದೆ, ಇದನ್ನು ಸರಿ ಇದೆ ಅಂತ ಬರೆದುಕೊಟ್ಟ ಗ್ಯಾರೇಜಿನವರೂ ಜವಾಬ್ದಾರರು ಅಂದರು. ಎರಡು ತಿಂಗಳ ಮೇಲೆ ಮಾರೇಶನ ಹೆಸರಿಗೆ ಕೋರ್ಟಿನ ಕಾಗದ ಬಂತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಆಂಧ್ರದ ಕೋರ್ಟು, ಕಾಗದ ತೆಲುಗಿನದು. ಅದನ್ನು ಸರಾಗ ಓದುವವಳು ಅರ್ಚನಾ ಒಬ್ಬಳೇ.

"ಇಪ್ಪತ್ತಾರು ಮೇ, ಸೋಮವಾರ, ಸದರಿ ವಾಹನವನ್ನು ಮಾರೇಶ್ ಅನ್ನುವವರು ಪರೀಕ್ಷೆ ಮಾಡಿ..." ಅಷ್ಟಕ್ಕೆ ನಿಂತಳು. "ಅತ್ತೆ, ಅವತ್ತು ಅಮಾಸೆ. ಇವರು ನಮ್ಮನೇಲಿದ್ರು."

ಪಾಪಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಲಿಲ್ಲ.

"ಮೊದಲೇ ಸಹಿ ಹಾಕಿಟ್ಟಿರ್ತೀನಿ," ಅಂದ ಮಾರೇಶ್. "ಅಪ್ಪ ನೋಡಿ ಕೊಡ್ತಾನ. ಯಾವಾಗಲೂ ಹಂಗೇ."

"ಮಾವ, ನೀವು ನೋಡಿದ್ರಾ?"

ಸುಂಕಪ್ಪ ತಟ್ಟೆಯಲ್ಲಿ ಪಲ್ಯ ಕಲಸುತ್ತಾ ಇದ್ದ. ಹೆಂಡತಿಯ ಕಡೆ ಕಣ್ಣೆತ್ತಲಿಲ್ಲ. "ನೋಡೀನವ್ವ. ಚಕ್ರ ಬಿಚ್ಚಿ ನೋಡೀನಿ."

ಅಷ್ಟು ವರ್ಷದಲ್ಲಿ ಅವನು ಸುಳ್ಳು ಹೇಳಿದ್ದನ್ನು ಪಾಪಕ್ಕ ಕಂಡಿರಲಿಲ್ಲ. ಹೇಳಿದ್ದು ಯಾರಿಗೋಸ್ಕರ ಅನ್ನುವುದು ಅವಳಿಗೆ ಗೊತ್ತಿತ್ತು. ಇಲ್ಲ, ನಾನೇ ತಡೆದೆ ಅನ್ನಲು ಬಾಯಿ ತೆರೆದಳು. "ರೊಟ್ಟಿ ಹೊತ್ತಿತು" ಅನ್ನುವ ಮಾತು ಬಂತು.

ಲಾಯರು ಬಸವರಾಜೇಶ್ವರಿಯವರ ಹತ್ತಿರ ಅಪ್ಪ, ಮಗ, ಪಾಪಕ್ಕ ಮೂವರೂ ಹೋದರು. ಆಕೆ ಕನ್ನಡಕ ತೆಗೆದಿಟ್ಟು ನಿಧಾನವಾಗಿ ಬಿಡಿಸಿ ಹೇಳಿದರು.

"ನೋಡ್ರಿ, ನೋಡಿದ ಮ್ಯಾಲೂ ಒಂದು ದೋಷ ಕಣ್ಣು ತಪ್ಪಿತು ಅಂದ್ರ ಅದು ಅಜಾಗ್ರತೆ. ಪರಿಹಾರದಾಗ ನಿಮಗೂ ಒಂದು ಪಾಲು ಬೀಳಬಹುದು, ಅಷ್ಟಕ್ಕ ಮುಗೀತೈತಿ. ನೋಡದೇ ನೋಡೀವಿ ಅಂತ ಬರೆದುಕೊಟ್ಟಿದ್ರ ಅದು ಬ್ಯಾರೆ. ಸಹಿ ಯಾರದೋ ಅವರ ಮ್ಯಾಲೆ ಪೊಲೀಸ್ ಕೇಸೂ ಆಗಬಹುದು, ಜೈಲೂ ಆಗಬಹುದು. ಸುಳ್ಳು ಹೇಳ್ರಿ ಅಂತ ನಾನಂತೂ ಹೇಳಲ್ಲ. ನಡೆದದ್ದು ಏನು ಹೇಳ್ರಿ."

"ನಾನು ನೋಡೀನ್ರಿ," ಅಂದ ಸುಂಕಪ್ಪ.

"ಅಷ್ಟು ದೊಡ್ಡ ತುಕ್ಕು ಕಾಣಲಿಲ್ಲೇನು?"

"ಕಾಣಲಿಲ್ರಿ. ವಯಸ್ಸಾತು."

ಪಾಪಕ್ಕ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ಒಂದು ಕಡೆ ಮಗನ ಜೈಲು, ಇನ್ನೊಂದು ಕಡೆ ಗಂಡನ ಸುಳ್ಳು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅಂತಾರಲ್ಲ, ಹಂಗಾಗಿತ್ತು ಅವಳ ಗತಿ.

ಮನೆ ಅಲ್ಲಿಂದ ಹಾಳಾಗುತ್ತಾ ಬಂತು. ಮೊದಲು ಒಟ್ಟಿಗೆ ಕೂತು ಉಣ್ಣುತ್ತಿದ್ದವರು ಒಬ್ಬೊಬ್ಬರೇ ಬಂದು ಉಣ್ಣತೊಡಗಿದರು. ಅರ್ಚನಾ ನೀರು ತುಂಬುತ್ತಿದ್ದಳು, ಪಾತ್ರೆ ತಿಕ್ಕುತ್ತಿದ್ದಳು, ಗಂಡನ ಬಟ್ಟೆ ಒಗೆಯುತ್ತಿದ್ದಳು. ಅವನ ಜೊತೆ ಮಾತ್ರ ಮಾತಿಲ್ಲ. ಒಂದು ದಿನ ಬಟ್ಟೆ ಒಣಹಾಕುತ್ತಾ ಅವಳೇ ಬಾಯಿಬಿಟ್ಟಳು.

"ಅಪ್ಪ ಫೋನ್ ಮಾಡಿದ್ರು. ನಮ್ಮ ಅಳಿಯನ ಹೆಸರು ಎಳಿಬೇಡಿ, ಅವರು ಸುಳ್ಳು ಬರೆಯೋರಲ್ಲ ಅಂತ ಲಾಯರ ಜೊತೆ ಜಗಳ ಆಡಿದ್ರಂತೆ."

ಮಾರೇಶ್ ಮುಖ ತಿರುಗಿಸಿದ. "ಅಮಾಸಿ ವಿಷಯ ಹೇಳಿಯೇನು?"

"ಹೇಳಿಲ್ಲ. ಹೇಳಲೂ ಆಗ್ತಿಲ್ಲ, ಇಟ್ಕೊಳ್ಳಲೂ ಆಗ್ತಿಲ್ಲ. ಹತ್ತು ಅಂದೋಳು ನಾನು. ಅವಳನ್ನ ಆ ಗಾಡಿಗೆ ಹತ್ತಿಸಿದೋಳು ನಾನೇ ಅಲ್ವಾ."

"ಹಂಗನ್ನಬ್ಯಾಡ ಯವ್ವಾ," ಅಂದಳು ಪಾಪಕ್ಕ. ನಾನೇ ತಡೆದೆ ಅನ್ನುವ ಮುಂದಿನ ಮಾತು ಬಿಟ್ಟು, ಒದ್ದೆ ಬಟ್ಟೆ ಒಂದನ್ನು ಹಿಂಡತೊಡಗಿದಳು. ಎಂಥಾ ಪಾಪಿ ನಾಲಿಗೆ! ಬೇರೆ ಹೊತ್ತಿನಲ್ಲಿ ಊರಿಗೆಲ್ಲಾ ಬುದ್ಧಿ ಹೇಳುವ ನಾಲಿಗೆ.

ಮಾರನೇ ದಿನ ಅರ್ಚನಾ ಬಟ್ಟೆ ಜೋಡಿಸಿದಳು. "ಸ್ವಲ್ಪ ದಿನ ಅವ್ವನ ಜೊತೆ ಇದ್ದು ಬರ್ತೀನಿ ಅತ್ತೆ." ಎಷ್ಟು ದಿನ ಅಂತ ಯಾರೂ ಕೇಳಲಿಲ್ಲ. ಕೂಸಿನ ಜೋಳಿಗೆ ಬಿಚ್ಚಿಕೊಂಡ ಮೇಲೆ ನಡುಮನೆ ದೊಡ್ಡದಾಗಿ ಕಂಡಿತು.

ಹೆಂಡತಿ ಹೋದ ಸಿಟ್ಟನ್ನೆಲ್ಲಾ ಮಾರೇಶ್ ಅಪ್ಪನ ಮೇಲೆ ಕಾರಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಒಂದು ಬೆಳಿಗ್ಗೆ ಯಾರದೋ ಟ್ರಾಕ್ಟರಿನ ಚಕ್ರ ಬಿಚ್ಚುತ್ತಿದ್ದ ಸುಂಕಪ್ಪನ ಕೈಯಿಂದ ಪಾನಾ ಕಿತ್ತುಕೊಂಡ.

"ಬಿಡು ಇಲ್ಲಿ! ಕಣ್ಣು ಕಾಣದೋನು ಗಾಡಿ ಮುಟ್ಟಬಾರದು. ಆ ತುಕ್ಕು ಹಸುಗೂಸಿಗೂ ಕಾಣ್ತಿತ್ತು. ನಿನ್ನಿಂದ ಒಂದು ಹುಡುಗಿ ಜೀವ ಹೋತು, ನನ್ನ ಸಂಸಾರನೂ ಹೋತು. ಇನ್ ಮ್ಯಾಲೆ ಈ ಕಡೆ ಬರಬ್ಯಾಡ."

ಗಿರಾಕಿಗಳು ನೋಡುತ್ತಾ ನಿಂತಿದ್ದರು. ಸುಂಕಪ್ಪ ಬಟ್ಟೆಗೆ ಕೈ ಒರೆಸಿಕೊಂಡು ಒಳಗೆ ಬಂದು ಗೋಡೆಗೆ ಒರಗಿ ಕೂತ. ಮೂವತ್ತು ವರ್ಷ ದುಡಿದ ಜಾಗದಿಂದ ಎಬ್ಬಿಸಿಕೊಂಡು ಬಂದವನು, ಹೆಂಡತಿಯನ್ನು ಕೇಳಿದ್ದು ಒಂದು ಲೋಟ ಮಜ್ಜಿಗೆ.

"ಅಯ್ಯೋ, ನೀವು ಯಾಕ ಹೇಳವಲ್ರಿ?" ಪಾಪಕ್ಕ ಅತ್ತೇಬಿಟ್ಟಳು. "ನನ್ನ ಹೆಂಡ್ತಿನೇ ಬ್ಯಾಡ ಅಂದ್ಲು ಅಂತ ಯಾಕ ಹೇಳವಲ್ರಿ?"

"ಹೇಳಿದ್ರ ಹುಡುಗನ್ನ ಒಯ್ತಾರ. ನಾ ಕುರುಡ ಅನ್ನಿಸ್ಕೊಂಡ್ರ ಏನ್ ಹೋತು? ಆಮ್ಯಾಲೆ ನೀನು ಹೇಳಿದ್ರೂ ಕೊಟ್ಟೋನು ನಾನೇ ಅಲ್ಲ?"

"ನಾ ಒದರದೇ ಇದ್ದಿದ್ರ ನೀವು ನೋಡ್ತಿದ್ರಿ."

ಸುಂಕಪ್ಪ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. "ನೋಡ್ತಿದ್ದೆ," ಅಂದ.

ಸಂಜೆ ಪಾಪಕ್ಕ ಮಗನನ್ನು ಕೂರಿಸಿಕೊಂಡು ಎಲ್ಲಾ ಹೇಳಿದಳು. ಜಾಕಿಗೆ ಕೈ ಹಾಕಿದ್ದು, ತಾನು ಕೂಗಿದ್ದು, ಚೀಟಿ ಕೊಡಿಸಿದ್ದು. ಮಾರೇಶ್ ತಲೆ ಹಿಡಕೊಂಡ.

"ನಾನು ಅಪ್ಪಗ ಏನೇನೋ ಅಂದೆ."

"ಅಂದಿ. ಹೋಗಿ ಕಾಲು ಹಿಡಿ. ನಾಳೆ ನಾನು ನಿನ್ನ ಮಾವನ ಮನಿಗೆ ಹೋಗ್ತೀನಿ."

"ಯವ್ವಾ, ಬ್ಯಾಡ. ನಿನಗ ಕೈ ಮುಗೀತೀನಿ. ಅವರು ಕೋರ್ಟಿನಾಗ ಹೇಳಿದ್ರ ನಾನು ಒಳಗ ಹೋಗ್ತೀನಿ. ಅರ್ಚನಾ ಮತ್ತ ಬರ್ತಾಳೇನು? ಆ ಕೂಸಿನ ಮುಖ ನೋಡಿನಾದ್ರೂ ಸುಮ್ಮನಿರು."

"ಆ ಹುಡುಗಿ ನನ್ನಿಂದ ಸತ್ತಳು ಅಂತ ತನ್ನ ಎದಿ ತಾನು ಬಡ್ಕೊಳ್ಳಾಕ ಹತ್ಯಾಳ ನಿನ್ನ ಹೆಂಡ್ತಿ. ಅದನ್ನ ನೋಡಿಕೋತ ನಾ ರೊಟ್ಟಿ ಬಡೀಲೇನು? ಸಣ್ಣತಿಮ್ಮಪ್ಪ ಒಬ್ಬನೇ ಕುಡುಕ, ಕಳ್ಳ ಅನ್ನಿಸ್ಕೊಂಡು ಕಾಲು ಮುರಕೊಂಡು ಬಿದ್ದಾನ. ಅವನದೂ ತಪ್ಪೈತಿ, ಇಲ್ಲ ಅನ್ನಲ್ಲ. ನಮ್ಮದು ನಾವು ಹೇಳಬೇಕಲ್ಲಪ್ಪ."

ಕಲ್ಯಾಣದುರ್ಗದಲ್ಲಿ ಇಳಿದು, ಇನ್ನೂ ಎರಡು ಬಸ್ಸು ಬದಲಿಸಿ, ಅವಳು ಬೀಗರ ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಬೀಗತಿ ತಿಪ್ಪಮ್ಮ ಹುಳದ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಗಂಗಣ್ಣ ಜಗಲಿಯಲ್ಲಿ ಸೊಪ್ಪಿನ ಕಡ್ಡಿ ಸವರುತ್ತಿದ್ದ. ಪಾಪಕ್ಕನನ್ನು ಕಂಡು ಇಬ್ಬರೂ ಗಾಬರಿಯಾಗಿ ಎದ್ದರು.

"ಬನ್ನಿ ಅಕ್ಕ, ಒಬ್ರೇ ಬಂದ್ರಾ? ಅಳಿಯಂದ್ರು ಚೆನ್ನಾಗವ್ರಾ? ಅರ್ಚನಾ, ನಿಮ್ಮತ್ತೆ ಬಂದವ್ರೆ, ನೀರು ತಾರೇ!" ಅಂದ ಗಂಗಣ್ಣ.

ಅರ್ಚನಾ ಚೆಂಬಿನಲ್ಲಿ ನೀರು ತಂದಳು. ಪಾಪಕ್ಕ ಮುಟ್ಟಲಿಲ್ಲ. "ಮೊದಲು ನನ್ನ ಮಾತು ಕೇಳ್ರಿ. ಆಮ್ಯಾಲೆ ನೀರು ಕೊಡೋದೋ ಬಿಡೋದೋ ನೀವೇ ನೋಡ್ರಿ," ಅಂದಳು. ನಿಂತುಕೊಂಡೇ ಹೇಳಿದಳು. ಮಗನ ಸಹಿ ಮೊದಲೇ ಹಾಕಿದ್ದು ಅನ್ನುವುದನ್ನೂ ಮುಚ್ಚಿಡಲಿಲ್ಲ, ಬ್ರೇಕು ಮೆತ್ತಗಿದೆ ಅಂತ ಸಣ್ಣತಿಮ್ಮಪ್ಪ ಅಂದಿದ್ದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಸೊಸೆಯ ಕಡೆ ತಿರುಗಿದಳು.

"ನೀನು ಹತ್ತು ಅಂದಿದ್ದು ತಪ್ಪಲ್ಲವ್ವ. ನೀನು ಚೀಟಿ ನಂಬಿದಿ. ಚೀಟಿನೇ ಸುಳ್ಳು ಮಾಡಿದೋಳು ನಾನು."

ಅರ್ಚನಾ ಚೆಂಬನ್ನು ಜಗಲಿ ಮೇಲಿಟ್ಟು, ಹೋಗಿ ಬಾಗಿಲಲ್ಲಿ ನಿಂತಳು.

ಗಂಗಣ್ಣ ಕುಡುಗೋಲು ಬದಿಗಿಟ್ಟ. ಮುಖ ಕಪ್ಪಿಟ್ಟಿತ್ತು. "ನಮ್ಮ ಅಳಿಯ ಅಂಥೋನಲ್ಲ ಅಂತ ಲಾಯರ ಹತ್ರ ಬಡಕೊಂಡೆನಲ್ಲಮ್ಮ ನಾನು. ಇದನ್ನ ಕೋರ್ಟಲ್ಲಿ ಹೇಳ್ತೀರಾ?"

"ಹೇಳ್ತೀನ್ರಿ."

"ಮಗ ಜೈಲಿಗೆ ಹೋದ್ರೂ?"

ಪಾಪಕ್ಕನಿಗೆ ಒಬ್ಬನೇ ಮಗ. "ಹೋದ್ರೂ ಹೇಳ್ತೀನಿ," ಅಂದಳು.

ತಿಪ್ಪಮ್ಮನ ಮಡಿಲಲ್ಲಿ ಇನ್ನೂ ಸೊಪ್ಪಿತ್ತು. ಅತ್ತು ಅತ್ತು ಬತ್ತಿಹೋದ ಕಣ್ಣು ಅವಳದು. ಈಗ ಹತ್ತಿರ ಬಂದು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು.

"ಅಕ್ಕ, ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಆ ಗಾಡೀಲಿ ನಿಮ್ಮ ಮನೆ ಹೆಣ್ಣುಮಗಳು ಕೂರ್ತಾಳೆ ಅಂತ ಗೊತ್ತಿದ್ದಿದ್ರೆ, ಅವತ್ತು ಪಾನಾ ಮುಟ್ಟಬ್ಯಾಡಿ ಅಂತಿದ್ರಾ?"

ದೇವರ ಮೇಲೆ ಭಾರ ಹಾಕಿ ತಪ್ಪಿಸಿಕೊಳ್ಳುವ ಉತ್ತರ ಒಂದಿತ್ತು. ಅಮಾಸಿ ಅಂದರೆ ಅಮಾಸಿ, ಯಾರಿದ್ದರೂ ಅಷ್ಟೇ ಅನ್ನಬಹುದಿತ್ತು. ಪಾಪಕ್ಕನಿಗೆ ಬಸ್ಸಿನಲ್ಲಿ ಅದೇ ಮಾತು ಸಾವಿರ ಸಲ ನಾಲಿಗೆಗೆ ಬಂದು ಹೋಗಿತ್ತು.

"ಅಂತಿದ್ದಿಲ್ಲ ತಂಗಿ," ಅಂದಳು. "ಮುಟ್ಟಿಸ್ತಿದ್ದೆ. ನಾನೇ ಜಾಕಿ ಎತ್ತಿ ಕೊಡ್ತಿದ್ದೆ."

ತಿಪ್ಪಮ್ಮ ತಲೆ ಆಡಿಸಿದಳು. ಅವಳಿಗೆ ಬೇಕಿದ್ದದ್ದು ಅಷ್ಟೇ ಅನ್ನುವಂತೆ ಹುಳದ ಮನೆಯೊಳಗೆ ಹೋಗಿ ಮತ್ತೆ ಸೊಪ್ಪು ಹರಡತೊಡಗಿದಳು. ಗಂಗಣ್ಣ ಕೋರ್ಟಿನ ತಾರೀಖು ಹೇಳಿದ, ಅಳಿಯನ ಹೆಸರೆತ್ತಲಿಲ್ಲ. ಇನ್ನು ಅಲ್ಲಿ ಕೂರುವುದಕ್ಕೆ ಪಾಪಕ್ಕನಿಗೆ ಯಾವ ನೆಪವೂ ಇರಲಿಲ್ಲ. ಐದೂವರೆ ಬಸ್ಸು ತಪ್ಪಿದರೆ ಮತ್ತೆ ಬಸ್ಸಿಲ್ಲ.

ಬಾಗಿಲ ಹತ್ತಿರ ನಿಂತು ಸೊಸೆಯ ಮುಖ ನೋಡಿದಳು. "ಅರ್ಚನಾ, ಕೂಸನ್ನ ಒಂದ್ ಸಲ ಕೊಡವ್ವ. ನೋಡಿ ಹೋಗ್ತೀನಿ."

ಅರ್ಚನಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಕಣ್ಣು ತುಂಬಿತ್ತು. ಜಾಗ ಮಾತ್ರ ಬಿಡಲಿಲ್ಲ.

"ಮಲಗವ್ನೆ ಅತ್ತೆ," ಅಂದಳು.

ಒಳಗಿಂದ ಗಿಲಕಿಯ ಸದ್ದು ಬರುತ್ತಿತ್ತು. ಅದರ ಹಿಂದೆಯೇ ಕೂಸು ಕಿಲಕಿಲ ನಗುವುದೂ ಕೇಳಿಸಿತು. ಪಾಪಕ್ಕ ಒಂದು ಗಳಿಗೆ ಅದನ್ನು ಕೇಳುತ್ತಾ ನಿಂತಳು.

"ಮಲಗಲಿ ಬಿಡವ್ವ, ಎಬ್ಬಿಸಬ್ಯಾಡ," ಅಂದು ಮೆಟ್ಟು ಹಾಕಿಕೊಂಡು ಬಸ್ಸಿಗೆ ನಡೆದಳು.